ಫ್ಲಾರ್ಮ್ ಒಂದಿದ್ದರೆ ಸಾಕಾ?

ಕೇಳಿದ್ದು: ಎಂಜಿನ್ ಇಲ್ಲದ ವಿಮಾನ ಗ್ಲೈಡರ್‌ನಲ್ಲಿ ಒಬ್ಬನೇ ಹಾರೋಕೆ ಈಗಷ್ಟೇ ಒಪ್ಪಿಗೆ ಸಿಕ್ಕಿದೆ. ಡಿಕ್ಕಿ ಆಗೋ ಹಾಗಿದ್ದರೆ ಎಚ್ಚರಿಸೋ ಫ್ಲಾರ್ಮ್ ಸಾಧನ ಇದೆ, ದಾರಿ ಬಿಡೋ ನಿಯಮವೂ ನಮ್ಮ ಪರ. ಡಿಕ್ಕಿ ತಪ್ಪಿಸೋಕೆ ಇನ್ನೇನು ಬೇಕು? ಅನುಭವ ಇರೋರು ಹೇಳಿ.

ಗ್ಲೈಡರ್ ಹಾರಿಸುವವರು: ಸಾಕಾಗಲ್ಲ ಮಾರಾಯರೆ. ಫ್ಲಾರ್ಮ್ ಮಾತಾಡೋದು ಇನ್ನೊಂದು ಫ್ಲಾರ್ಮ್ ಜೊತೆ. ತಾನೆಲ್ಲಿದ್ದೇನೆ, ಯಾವ ಕಡೆ ಹೊರಟಿದ್ದೇನೆ ಅಂತ ರೇಡಿಯೊದಲ್ಲಿ ಸಾರುತ್ತೆ, ಬೇರೆ ಫ್ಲಾರ್ಮ್ ಸಾರಿದ್ದನ್ನ ಕೇಳಿ ಎಚ್ಚರಿಸುತ್ತೆ. ದೊಡ್ಡ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸೋ ಸಾಧನ ಟಿಕಾಸ್‌ಗೆ ಅದು ಕೇಳಿಸೋದೇ ಇಲ್ಲ. ಟಿಕಾಸ್‌ಗೆ ನೀವು ಕಾಣಬೇಕಾದರೆ ಟ್ರಾನ್ಸ್‌ಪಾಂಡರ್ ಬೇಕು, ಅಂದ್ರೆ ಕೇಳಿದಾಗ ತಾನಾಗಿ ಉತ್ತರಿಸೋ ರೇಡಿಯೊ. 2006ರ ಆಗಸ್ಟ್‌ನಲ್ಲಿ ಅಮೆರಿಕದ ನೆವಾಡಾದಲ್ಲಿ ಹಾಕರ್ ಜೆಟ್ಟೊಂದು ಗ್ಲೈಡರಿಗೆ ಬಡಿಯಿತು. ಗ್ಲೈಡರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು, ಆನ್ ಮಾಡಿರಲಿಲ್ಲ. ಪೈಲಟ್ ಪ್ಯಾರಾಶೂಟ್‌ನಲ್ಲಿ ಇಳಿದರು, ಜೆಟ್ ಚಕ್ರವಿಲ್ಲದೆ ಹೊಟ್ಟೆಯ ಮೇಲೆ ಇಳಿಯಿತು. ಯಾರೂ ಸಾಯಲಿಲ್ಲ ಅನ್ನೋದೇ ಆಶ್ಚರ್ಯ.

ಸಣ್ಣ ವಿಮಾನದವರು: ಎಂಜಿನ್ ಇರೋರು ಗ್ಲೈಡರಿಗೆ ದಾರಿ ಬಿಡಬೇಕು, ಗ್ಲೈಡರ್‌ನವರು ಬಲೂನಿಗೆ. ಎದುರುಬದುರಾದರೆ ಇಬ್ಬರೂ ಬಲಕ್ಕೆ. ಇದೆಲ್ಲ ಬಾಯಿಪಾಠವೇ. ಆದರೆ ಸ್ವಾಮಿ, ಕಾಣದವರಿಗೆ ದಾರಿ ಬಿಡೋದು ಹೇಗೆ? ನಿಮ್ಮ ಬಿಳಿ ಗ್ಲೈಡರ್ ಎದುರಿನಿಂದ ನೋಡಿದರೆ ಒಂದು ಕೂದಲೆಳೆ. ತಿರುಗುವಾಗ ರೆಕ್ಕೆ ಮಿಂಚಿದರೆ ನಮ್ಮ ಪುಣ್ಯ. ಇನ್ನೊಂದು ಕಷ್ಟ: ಗಾಜಿನ ಮೇಲೆ ಜಾರುತ್ತಾ ಹೋಗೋ ಚುಕ್ಕೆ ಪಕ್ಕದಲ್ಲಿ ದಾಟಿಹೋಗುತ್ತೆ. ಒಂದೇ ಜಾಗದಲ್ಲಿ ನಿಂತು ದೊಡ್ಡದಾಗೋದೇ ನಿಮಗೆ ಬಡಿಯೋದು. ಕಣ್ಣು ಗುರುತಿಸೋದು ಚಲನೆಯನ್ನ, ಹಾಗಾಗಿ ನಿಂತ ಚುಕ್ಕೆ ತಪ್ಪಿಹೋಗುತ್ತೆ. ಆಕಾಶವನ್ನ ತುಂಡುತುಂಡಾಗಿ ನೋಡಿ, ಪ್ರತಿ ತುಂಡಿನಲ್ಲೂ ಕಣ್ಣು ಒಂದು ಕ್ಷಣ ನಿಲ್ಲಲಿ.

ಕಲಿಸುವವರು: ಥರ್ಮಲ್‌ನಲ್ಲಿ, ಅಂದ್ರೆ ಮೇಲೇರೋ ಬಿಸಿಗಾಳಿಯಲ್ಲಿ, ಮೊದಲು ಇದ್ದವರು ಸುತ್ತೋ ದಿಕ್ಕಿನಲ್ಲೇ ನೀವೂ ಸುತ್ತಿ. ಹೊರಗಿನಿಂದ ಸೇರಿ, ಅವರಿಗೆ ನೀವು ಕಾಣೋ ಹಾಗೆ. ಅವರು ಕಣ್ಮರೆಯಾದರೆ ಥರ್ಮಲ್ ಎಷ್ಟೇ ಚೆನ್ನಾಗಿರಲಿ, ಬಿಟ್ಟು ಹೊರಡಿ.

ಮೋಡದ ಬುಡಕ್ಕೆ ಅಂಟಿಕೊಳ್ಳೋ ಚಾಳಿ ಬೇಡ. ಆಕಾಶವನ್ನ ನಿಯಮಗಳ ಪ್ರಕಾರ ಎ, ಬಿ, ಸಿ ಅಂತ ವರ್ಗ ಮಾಡಿರ್ತಾರೆ. ಸಿ, ಡಿ ವರ್ಗದ ವಾಯುಪ್ರದೇಶಕ್ಕೆ ಅನುಮತಿ ಕೇಳಿಯೇ ಹೋಗ್ತೀರಿ, ಕಂಟ್ರೋಲರ್‌ಗೆ ನೀವು ಗೊತ್ತು. ಇ ವರ್ಗದಲ್ಲಿ ಹೊರಗೆ ಕಣ್ಣಲ್ಲಿ ನೋಡಿ ಹಾರೋರಿಗೆ ಅನುಮತಿ ಬೇಕಿಲ್ಲ, ಆದರೆ ಅಲ್ಲೇ ಉಪಕರಣ ನೋಡಿ ಹಾರೋ ವಿಮಾನ ಮೋಡದೊಳಗಿಂದ ಧುತ್ತೆಂದು ಬರಬಹುದು. ಮೋಡದಿಂದ ಮೇಲೆ ಕೆಳಗೆ 300 ಮೀಟರ್, ಪಕ್ಕಕ್ಕೆ 1500 ಮೀಟರ್ ದೂರ ಇರಿ ಅನ್ನೋದು ಅದಕ್ಕೇ.

ಕೇಳಿದವರು: ಟ್ರಾನ್ಸ್‌ಪಾಂಡರ್ ಬ್ಯಾಟರಿ ತಿನ್ನುತ್ತಂತಲ್ಲ ಸರ್?

ಕಲಿಸುವವರು: ತಿನ್ನುತ್ತೆ. ಇನ್ನೊಂದು ಬ್ಯಾಟರಿ ಹಾಕಿಸಿ.