ಊರಿನ ಹೈಸ್ಕೂಲಿಗೆ 25 ಟ್ಯಾಬ್ ಕೊಡ್ಸೋದಾ ಬೇಡ್ವಾ? ಗೊತ್ತಿರೋರು ದಯವಿಟ್ಟು ಹೇಳಿ

ಕೆರೆಏರಿ_ಹುಡುಗ

ಎಲ್ರಿಗೂ ನಮಸ್ಕಾರ. ನಮ್ಮೂರು ತಿಪಟೂರಿನ ಹತ್ರ. ಅಲ್ಲಿನ ಸರ್ಕಾರಿ ಹೈಸ್ಕೂಲಲ್ಲಿ 2003ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಬ್ಯಾಚಿನವರೆಲ್ಲ ಸೇರ್ಕೊಂಡು ಶಾಲೆಗೆ ಏನಾದ್ರೂ ಮಾಡ್ಬೇಕು ಅಂತ ಮೂರೂವರೆ ಲಕ್ಷ ಒಟ್ಟು ಮಾಡಿದೀವಿ. ವಾಟ್ಸಾಪ್ ಗ್ರೂಪಲ್ಲಿ ಹೆಚ್ಚಿನೋರು 25 ಟ್ಯಾಬ್ ಕೊಡ್ಸೋಣ ಅಂತಿದಾರೆ, ಜಗತ್ತೆಲ್ಲ ಡಿಜಿಟಲ್ ಆಗ್ತಿದೆ, ನಮ್ಮೂರ ಮಕ್ಕಳು ಯಾಕೆ ಹಿಂದೆ ಬೀಳ್ಬೇಕು ಅನ್ನೋದು ಅವರ ಮಾತು, ಅದೂ ಸರಿನೇ.

ಆದ್ರೆ ಹೋದ ತಿಂಗಳು ಶಾಲೆಗೆ ಹೋಗಿದ್ದಾಗ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನ ಕೈಲಿ ಕನ್ನಡ ಪಾಠ ಓದ್ಸಿದೆ. ಒತ್ತಕ್ಷರ ಬಂದಲ್ಲೆಲ್ಲ ನಿಂತ್ಬಿಡ್ತಿದ್ದ. 'ಸ್ವಾತಂತ್ರ್ಯ' ಅನ್ನೋ ಪದದ ಮೇಲೆ ಬೆರಳಿಟ್ಕೊಂಡು ನನ್ನ ಮುಖಾನೇ ನೋಡ್ತಾ ಕೂತ. ಅದು ಕಣ್ಣಿಂದ ಹೋಗ್ತಾನೇ ಇಲ್ಲ. ಈ ಹುಡುಗನ ಕೈಗೆ ಟ್ಯಾಬ್ ಬಂದ್ರೆ ಏನು ಬದಲಾಗತ್ತೆ? ಬೇರೆ ದೇಶದಲ್ಲೆಲ್ಲ ಇದನ್ನ ಮಾಡಿ ನೋಡಿದಾರಲ್ಲ, ಅಲ್ಲಿ ಏನಾಯ್ತು? ಶಾಲೆಯಲ್ಲೇ ಕೆಲಸ ಮಾಡೋರು ಇದ್ರೆ ನೀವು ಹೇಳಿದ್ದು ನಂಗೆ ಜಾಸ್ತಿ ಬೇಕು.

ಗಣಿತ_ಮಾಸ್ತರ

ನೋಡ್ರಿ ಅಣ್ಣಾರ, ನಾ ಹಾವೇರಿ ಜಿಲ್ಲಾದಾಗ ಸರ್ಕಾರಿ ಹೈಸ್ಕೂಲ್ ಗಣಿತ ಮಾಸ್ತರ, 14 ವರ್ಷ ಆತು. ಹಿಂದ ಇದ್ದ ಸಾಲಿಗೆ ದಾನಿಗಳು ಹಿಂಗ 20 ಟ್ಯಾಬ್ ಕೊಟ್ಟಿದ್ರು. ಕೊಟ್ಟ ದಿನಾನ ಅವು ಸ್ಟಾಕ್ ರಿಜಿಸ್ಟರಿಗೆ ಏರಿದ್ವು. ಒಂದ್ ಕಳದ್ರ, ಒಡದ್ರ ಚಾರ್ಜ್ ತಗೊಂಡ ಮಾಸ್ತರ ಉತ್ತರಾ ಕೊಡಬೇಕು, ಹಿಂಗಾಗಿ ಬೀರೂದಾಗ ಕುಂತ್ವು. ಎರಡ್ ವರ್ಷಕ್ಕ ತಗದ್ ನೋಡಿದ್ರ ಏಳೆಂಟರ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳಾ ಬಾಯಿ ಬಿಟ್ಟಿತ್ತು. ಆ ಮಾಸ್ತರಂದು ತಪ್ಪಂತ ನಾ ಅನ್ನಂಗಿಲ್ಲ, ಪಗಾರದಾಗ ಹಿಡಕೊಂಡ್ರ ಮನಿ ನಡಸೂದು ಹ್ಯಾಂಗ್ರಿ?

ಹಂಗಂತ ಇವೆಲ್ಲಾ ಬ್ಯಾಡಂತ ಹೇಳಾಕತ್ತಿಲ್ಲ ಮತ್ತ. ಈಗಿನ ಸಾಲ್ಯಾಗ ಒಂದ್ ಲ್ಯಾಪ್‌ಟಾಪು, ಒಂದ್ ಪ್ರೊಜೆಕ್ಟರ್ ಅದಾವು. ಜಿಯೊಜೀಬ್ರಾ ಅಂತ ಪುಕ್ಕಟೆ ಸಾಫ್ಟ್‌ವೇರ್ ಐತಿ, ಇಳಿಸ್ಕೊಂಡ್ರ ನೆಟ್ ಇಲ್ಲದನೂ ನಡೀತದ. ಗ್ವಾಡಿ ಮ್ಯಾಲ ತ್ರಿಕೋನ ಬಿಟ್ಟು ಒಂದ್ ಮೂಲಿ ಹಿಡದ್ ಎಳದ್ರ ಮೂರೂ ಕೋನ ಬದಲಾಗ್ತಾವ, ಕೂಡಿಸಿದ್ರ ಮಾತ್ರ 180 ಇದ್ದಲ್ಲೇ ಇರ್ತದ. ಒಮ್ಮೆ ಕಡೀ ಬೆಂಚಿನ ಹುಡುಗಿ, ವರ್ಷಾನುಗಟ್ಲೆ ಬಾಯಿ ಬಿಡದಾಕಿ, "ಸರ್, ಇನ್ನೂ ಕೆಳಗ ಎಳೀರಿ, ಪೂರಾ ಚಪ್ಪಟ್ ಆಗೂಮಟ" ಅಂದ್ಲು. ಎಳದೆ. ಎರಡ್ ಕೋನ ಸೊನ್ನಿಗೆ ಬಂದ್ವು, ಉಳದದ್ದೊಂದ 180 ಆತು. ಇಡೀ ಕ್ಲಾಸು ಗಪ್ಪಾತು. ಕರಿಹಲಗಿ ಮ್ಯಾಲ ಇದನ್ನ ತೋರ್ಸಾಕ ನನಗ ಯಾವತ್ತೂ ಆಗಿದ್ದಿಲ್ಲ.

ಸಾಗರದ_ಮಳೆ

ನಾನೀಗ ಸ್ವೀಡನ್ನಿನ ಗೋಥೆನ್‌ಬರ್ಗಲ್ಲಿದೀನಿ, ಮಗಳು ಇಲ್ಲೇ ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಎಲ್ಲರಿಗಿಂತ ಮುಂಚೆ ಪರದೆ ತಂದ ದೇಶಗಳಲ್ಲಿ ಇದೂ ಒಂದು, ಆದ್ರೆ 2023ರಲ್ಲಿ ಸರ್ಕಾರಾನೇ ವಾಪಸ್ ಪುಸ್ತಕಕ್ಕೆ ಬರೋಣ ಅಂತ ತೀರ್ಮಾನ ಮಾಡ್ತು, ಆ ಒಂದು ವರ್ಷ ಅಚ್ಚಾದ ಪಠ್ಯಪುಸ್ತಕ ಕೊಳ್ಳಕ್ಕೆ 685 ಮಿಲಿಯನ್ ಕ್ರೋನ ಎತ್ತಿಟ್ರು. ನಾಲ್ಕನೇ ಕ್ಲಾಸಿನ ಮಕ್ಕಳ ಓದುವ ಶಕ್ತಿ ಅಳೆಯೋ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 2016ರಲ್ಲಿ 555 ಇದ್ದಿದ್ದು 2021ಕ್ಕೆ 544ಕ್ಕೆ ಇಳಿದಿತ್ತು, ಅದರ ಮೇಲೆ ದೊಡ್ಡ ಚರ್ಚೆನೇ ಆಯ್ತು. ಪರದೆಯೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಮಗಳನ್ನ ನೋಡ್ತೀನಲ್ಲ, ಪುಸ್ತಕ ಆದ್ರೆ ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದು ಅಮ್ಮಾ ಇದೇನು ಅಂತ ಕೇಳ್ತಾಳೆ, ಟ್ಯಾಬಲ್ಲಿ ಅದೇ ಪಾಠ ಇದ್ರೆ ಬೆರಳಾಡಿಸ್ಕೊಂಡು ಕೆಳಗೆ ಹೋಗ್ಬಿಡ್ತಾಳೆ. ನೀವು ಹೇಳಿದ ಆ ಹುಡುಗನಿಗೆ ಮೊದಲು ಪಕ್ಕದಲ್ಲಿ ಕೂತು ಓದಿಸೋರು ಬೇಕು ಅಣ್ಣ.

ಲೆಕ್ಕಪತ್ರ_ಮೈಸೂರು

ಪೆರು ದೇಶದ್ದು ನಿಮ್ಮ ಗ್ರೂಪಿಗೆ ಹೇಳ್ಲೇಬೇಕು. ಮಗುವಿಗೊಂದು ಲ್ಯಾಪ್‌ಟಾಪ್ ಅನ್ನೋ ಯೋಜನೆಯಲ್ಲಿ ಅಲ್ಲಿ 8 ಲಕ್ಷಕ್ಕೂ ಹೆಚ್ಚು ಹಂಚಿದ್ರು. ಆಮೇಲೆ 319 ಹಳ್ಳಿ ಶಾಲೆಗಳನ್ನ ಹೋಲಿಸಿ ನೋಡಿದ್ರೆ, 15 ತಿಂಗಳಾಗಿದ್ರೂ ಲ್ಯಾಪ್‌ಟಾಪ್ ಸಿಕ್ಕ ಶಾಲೆಗೂ ಸಿಗದ ಶಾಲೆಗೂ ಗಣಿತದಲ್ಲಾಗ್ಲಿ ಭಾಷೆಯಲ್ಲಾಗ್ಲಿ ವ್ಯತ್ಯಾಸಾನೇ ಕಾಣ್ಲಿಲ್ಲ.

ಈಗ ದೆಹಲಿದು ಕೇಳಿ. ಅಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರ್ ಇಟ್ಕೊಂಡು ಶಾಲೆ ಬಿಟ್ಮೇಲೆ ನಡೆಸಿದ ಕೇಂದ್ರಗಳ ಅಧ್ಯಯನ 2019ರಲ್ಲಿ ಅಚ್ಚಾಗಿದೆ. ಆರನೇ ಕ್ಲಾಸಿನ ಮಕ್ಕಳೇ ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ರಂತೆ. ಸಾಫ್ಟ್‌ವೇರ್ ಏನು ಮಾಡ್ತು ಅಂದ್ರೆ ಮಗು ಯಾವ ಕ್ಲಾಸಲ್ಲಿ ಕೂತಿದೆ ಅಂತ ನೋಡ್ಲಿಲ್ಲ, ಎಲ್ಲಿ ತಡವರಿಸ್ತಿದೆ ಅಂತ ನೋಡಿ ಅಲ್ಲಿಂದ ಶುರು ಮಾಡ್ತು. ದಿನಕ್ಕೆ 90 ನಿಮಿಷ, ಅರ್ಧ ಕಂಪ್ಯೂಟರು, ಇನ್ನರ್ಧ ಒಬ್ಬರು ಕೂತ್ಕೊಂಡು ಚಿಕ್ಕ ಗುಂಪಿಗೆ ಪಾಠ. ನಾಲ್ಕೂವರೆ ತಿಂಗಳಲ್ಲಿ ಆ ಮಕ್ಕಳು ಗಣಿತದಲ್ಲಿ ಕಲಿತಿದ್ದು ಬೇರೆ ಮಕ್ಕಳು ಕಲಿತಿದ್ದರ ಎರಡರಷ್ಟು. ನಿಮ್ಮ ಹುಡುಗನ ಕೈಲಿ ಒಂಬತ್ತನೇ ಕ್ಲಾಸಿನ ಪಾಠದ ವಿಡಿಯೊ ಇಟ್ರೆ ಪೆರು ಆಗತ್ತೆ, ಒತ್ತಕ್ಷರದಿಂದ ಶುರು ಮಾಡ್ಸಿದ್ರೆ ದೆಹಲಿ ಆಗತ್ತೆ.

ಬೆರಳೋದು

ನಂಗೆ ಹುಟ್ಟಿಂದ ಕಣ್ಣು ಕಾಣಲ್ಲ, ಈ ಎಲ್ಲ ಉತ್ತರಾನೂ ಮೊಬೈಲ್ ಓದಿ ಹೇಳಿದ್ದನ್ನ ಕೇಳಿ ಬರೀತಿದೀನಿ. ಬ್ರೈಲ್ ಪುಸ್ತಕ ಬರೋಷ್ಟರಲ್ಲಿ ಪರೀಕ್ಷೆನೇ ಮುಗಿದಿರ್ತಿದ್ದ ಕಾಲದಲ್ಲಿ ಓದಿದೋನು ನಾನು. ಎನ್‌ವಿಡಿಎ ಅಂತ ಇದೆ, ಕಂಪ್ಯೂಟರ್ ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರು, ಆಸ್ಟ್ರೇಲಿಯಾದ ಇಬ್ಬರು ಅಂಧರೇ ಸೇರಿ ಬೆಳೆಸಿದ್ದು, ಉಚಿತ, ಕನ್ನಡಾನೂ ಓದತ್ತೆ. ಪದವಿ ಮುಗಿಸಿದ್ದು ಅದರಿಂದಾನೇ. ಪುಸ್ತಕ ಸಾಕು ಪರದೆ ಬೇಡ ಅಂದ್ರೆ ನಮ್ಮಂಥೋರು ಮತ್ತೆ ಬಾಗಿಲ ಹೊರಗೇ ನಿಲ್ತೀವಿ. ಆ ಶಾಲೆಯಲ್ಲಿ ದೃಷ್ಟಿ ಕಮ್ಮಿ ಇರೋ ಮಕ್ಕಳಿದಾರಾ ಅಂತ ಒಂದ್ಸಲ ಕೇಳಿ ಸಾರ್.

ಕೆರೆಏರಿ_ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಎಚ್‌ಎಂ ಮೇಡಂಗೆ ಫೋನ್ ಮಾಡಿದ್ದೆ. ಎಂಟನೇ ಕ್ಲಾಸಲ್ಲಿ ಒಬ್ಬಳು ಹುಡುಗಿ ಇದಾಳಂತೆ, ಬೋರ್ಡ್ ಕಾಣಲ್ಲ ಅಂತ ಪಕ್ಕದೋಳ ನೋಟ್ಸ್ ಮೂಗಿಗೆ ಹತ್ರ ಹಿಡ್ಕೊಂಡು ಬರ್ಕೋತಾಳಂತೆ. ಬೆರಳೋದು ಸಾರ್, ನೀವು ಕೇಳದೇ ಇದ್ದಿದ್ರೆ ನಾನು ಅದನ್ನ ಕೇಳ್ತಾನೇ ಇರ್ಲಿಲ್ಲ.

ಗ್ರೂಪಲ್ಲಿ ಹೀಗೆ ಹಾಕಿದೀನಿ: ಆ ಹುಡುಗಿಗೆ ಒಂದು ಲ್ಯಾಪ್‌ಟಾಪ್, ಮೊದಲು ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗೋದು. ಶಾಲೆಗೆ ಒಂದು ಲ್ಯಾಪ್‌ಟಾಪು, ಪ್ರೊಜೆಕ್ಟರು. ಉಳಿದಿದ್ದರಲ್ಲಿ ಊರಲ್ಲೇ ಬಿಎಡ್ ಮಾಡ್ಕೊಂಡು ಕೆಲಸ ಇಲ್ದೆ ಇರೋ ಒಬ್ಬರಿಗೆ ಎರಡು ವರ್ಷ ಗೌರವಧನ, ದಿನಾ ಸಂಜೆ ಒಂದೂವರೆ ಗಂಟೆ ಓದಿಸೋಕೆ. ಅರ್ಧ ಜನ ಒಪ್ಪಿದಾರೆ, ಟ್ಯಾಬ್ ಆದ್ರೆ ಮೇಲೆ ಬ್ಯಾಚಿನ ಹೆಸರು ಹಾಕ್ಸಬಹುದಿತ್ತು ಅಂತ ಇನ್ನರ್ಧ ಜನ ಬೇಜಾರಲ್ಲಿದಾರೆ. ಭಾನುವಾರ ಎಲ್ಲರನ್ನೂ ಶಾಲೆಗೇ ಕರ್ದಿದೀನಿ.

ಮಾಸ್ತರೇ, ನಿಮ್ಮ ಪ್ರೊಜೆಕ್ಟರಿಗೆ ಲ್ಯಾಂಪ್ ಎಷ್ಟು ವರ್ಷಕ್ಕೆ ಬದಲಾಯಿಸ್ತೀರಾ, ಆ ಖರ್ಚು ಯಾರು ಕೊಡ್ತಾರೆ? ಅದನ್ನೂ ಈಗಲೇ ಎತ್ತಿಡೋಣ ಅಂತ.