ಮದ್ರಾಸಿನಲ್ಲಿ ಕಂಡ ಕ್ಷುದ್ರಗ್ರಹಕ್ಕೆ ‘ಏಷ್ಯಾ’ ಎಂಬ ಹೆಸರು ಖಂಡದ್ದೋ, ದೇವತೆಯದೋ?

ಪ್ರಶ್ನೆ (ಕೋಥರೂಡ್, ಪುಣೆ):
ಇಲ್ಲಿನ ಕನ್ನಡ ಮಕ್ಕಳ ಭಾನುವಾರದ ತರಗತಿಗಾಗಿ ಸೌರವ್ಯೂಹದ ಪಾಠವೊಂದನ್ನು ಬರೆಯುತ್ತಿದ್ದೇನೆ. ಮಂಗಳ ಮತ್ತು ಗುರುಗ್ರಹಗಳ ನಡುವಿನ ಪಟ್ಟಿಯಲ್ಲಿರುವ 67ನೆಯ ಕ್ಷುದ್ರಗ್ರಹ ‘ಏಷ್ಯಾ’ವನ್ನೂ ಸೇರಿಸಿ ಎಂಟನ್ನು ಖಗೋಳಶಾಸ್ತ್ರಜ್ಞ ನಾರ್ಮನ್ ಪಾಗ್ಸನ್ ಅವರು ಮದ್ರಾಸಿನಿಂದಲೇ ಕಂಡುಹಿಡಿದರೆಂದು ಬರೆದುಕೊಂಡಿದ್ದೇನೆ. ಆದರೆ ಆ ಹೆಸರು ಖಂಡದ್ದೆಂದು ಒಂದು ಕಡೆಯೂ, ಗ್ರೀಕ್ ಪುರಾಣದ್ದೆಂದು ಇನ್ನೊಂದು ಕಡೆಯೂ ಓದಿದೆ. ಯಾವುದು ಸರಿ? ಅದು ಕಲ್ಲಿನ ಕಾಯವೆಂದು ಅಲ್ಲಿಗೆ ಹೋಗದೆಯೇ ಹೇಗೆ ತಿಳಿಯುತ್ತದೆ?

ಉತ್ತರ (ಡೊಂಬಿವಲಿ):
ಎರಡೂ ಸರಿ. 1861ರ ಏಪ್ರಿಲ್ 17ರಂದು ಪಾಗ್ಸನ್ ಅದನ್ನು ಕಂಡಾಗ, ಏಷ್ಯಾದ ನೆಲದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದಾಗಿತ್ತು. ಅದಕ್ಕೆ ಮುಂಚಿನವು ಯುರೋಪು, ಅಮೆರಿಕಗಳಿಂದ ಕಂಡವು. ಆಗಿನ ರೂಢಿಯಂತೆ ಹೆಸರು ಬಹುಮಟ್ಟಿಗೆ ಪುರಾಣದ ಸ್ತ್ರೀಯದ್ದಾಗಿರಬೇಕಿತ್ತು. ಗ್ರೀಕರ ಕಥೆಗಳಲ್ಲಿ ಏಷ್ಯಾ ಎಂಬವಳು ಓಷಿಯಾನಸನ ಮಗಳು, ಕೆಲವರು ಹೇಳುವಂತೆ ಪ್ರೊಮಿಥ್ಯೂಸನ ಹೆಂಡತಿ. ಹೀಗಾಗಿ ರೂಢಿಯನ್ನು ಮುರಿಯದೆಯೇ ಕಂಡ ಸ್ಥಳದ ಗುರುತೂ ಹೆಸರಿನಲ್ಲಿ ಉಳಿಯಿತು.

ಮಕ್ಕಳಿಗೆ ನನ್ನ ಮಟ್ಟಿಗೆ ಹೆಸರಿಗಿಂತ ಹುಡುಕಿದ ಬಗೆಯೇ ಹೆಚ್ಚು ಹಿಡಿಸೀತು. ಛಾಯಾಚಿತ್ರದಿಂದ ಕ್ಷುದ್ರಗ್ರಹವನ್ನು ಪತ್ತೆಹಚ್ಚುವ ಕೆಲಸ ಆರಂಭವಾದದ್ದು 1891ರಲ್ಲಿ, ಜರ್ಮನಿಯ ಖಗೋಳಶಾಸ್ತ್ರಜ್ಞ ಮ್ಯಾಕ್ಸ್ ವುಲ್ಫ್ ಅವರಿಂದ. ಅದಕ್ಕೂ ಮೊದಲು ದೂರದರ್ಶಕದಲ್ಲಿ ಕಂಡ ಚುಕ್ಕೆಗಳನ್ನೆಲ್ಲ ನಕ್ಷೆಯೊಂದಿಗೆ ಹೋಲಿಸಿ, ಮತ್ತೊಂದು ರಾತ್ರಿ ಅದೇ ಜಾಗವನ್ನು ನೋಡಿ, ಜಾಗ ಬಿಟ್ಟು ಸರಿದ ಚುಕ್ಕೆ ಯಾವುದೆಂದು ಕಣ್ಣಿನಿಂದಲೇ ಹೆಕ್ಕಬೇಕಿತ್ತು.

ಉತ್ತರ (ಮಾಟುಂಗಾ, ಮುಂಬೈ):
ಒಂದು ತಿದ್ದುಪಡಿ: ಪಾಗ್ಸನ್ ಕಂಡ ಎಂಟರಲ್ಲಿ ಐಸಿಸ್, ಅರಿಯಾಡ್ನಿ, ಹೆಸ್ಟಿಯಾ ಈ ಮೂರು ಆಕ್ಸ್‌ಫರ್ಡಿನಲ್ಲಿ, 1856 ಮತ್ತು 1857ರಲ್ಲಿ ಕಂಡವು. ಮದ್ರಾಸಿನ ಲೆಕ್ಕ ಐದು: ಏಷ್ಯಾ, ಸಾಫೊ, ಸಿಲ್ವಿಯಾ, ಕ್ಯಾಮಿಲ್ಲಾ, ವೀರಾ.

ಕಲ್ಲಿನ ವಿಷಯ: ಅದರ ಮೇಲೆ ಬಿದ್ದು ಹಿಂದಿರುಗುವ ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ, ಕಲ್ಲಿನಲ್ಲಿರುವ ಒಲಿವೀನ್ ಮತ್ತು ಪೈರಾಕ್ಸೀನ್ ಎಂಬ ಸಿಲಿಕೇಟ್ ಖನಿಜಗಳು ಹೀರಿಕೊಂಡ ಭಾಗಗಳು ತಗ್ಗಾಗಿ ಕಾಣುತ್ತವೆ, ಅಂಥವನ್ನು ಕಲ್ಲಿನ ಕ್ಷುದ್ರಗ್ರಹಗಳ ‘ಎಸ್’ ವರ್ಗಕ್ಕೆ ಸೇರಿಸುತ್ತಾರೆ. ಇದೇ ವರ್ಗದ, ಆದರೆ ಭೂಮಿಗೆ ಹತ್ತಿರದ ಇಟೊಕಾವಾ ಎಂಬ ಕ್ಷುದ್ರಗ್ರಹದಿಂದ ಜಪಾನಿನ ಹಯಬುಸಾ ನೌಕೆ 2010ರಲ್ಲಿ ತಂದ ಕಣಗಳು ಸಾಮಾನ್ಯ ಕಲ್ಲಿನ ಉಲ್ಕೆಗಳಿಗೆ ಹೊಂದಿಕೊಂಡವು. ಏಷ್ಯಾದ ಅಡ್ಡಳತೆ ಸುಮಾರು 60 ಕಿಲೋಮೀಟರ್, ಅಂದರೆ ನಿಮ್ಮ ಮಕ್ಕಳ ಲೆಕ್ಕದಲ್ಲಿ ಪುಣೆಯಿಂದ ಲೋಣಾವಳದಷ್ಟು. ಸೂರ್ಯನ ಒಂದು ಸುತ್ತಿಗೆ ಅದಕ್ಕೆ ಸುಮಾರು 3.8 ವರ್ಷ ಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪಾಠದಲ್ಲಿ ಎಂಟನ್ನು ಐದೆಂದು ತಿದ್ದಿದ್ದೇನೆ. ಲೋಣಾವಳದ ಹೋಲಿಕೆಯನ್ನು ಹಾಗೆಯೇ ಬಳಸಿಕೊಳ್ಳುತ್ತೇನೆ.