ಟಚ್ ಟೇಬಲ್: ಮೂಲೆ ಸರಿ, ನಡು ಸರಿ, ಬೇಲೂರು ಮಾತ್ರ ಎರಡು ಸೆಂ.ಮೀ. ಆಚೆ

ಹೊಳೆದಂಡೆ ಟೀಚರ್, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಸೇರಿ ಒಂದು ಟಚ್ ಟೇಬಲ್ ಮಾಡಿದ್ದೇವೆ. ಮೇಜಿನ ತುಂಬ ಹೇಮಾವತಿಯ ನಕ್ಷೆ, ಬಲ್ಲಾಳರಾಯನ ದುರ್ಗದ ಕಡೆಯಿಂದ ಗೊರೂರು ಅಣೆಕಟ್ಟಿನವರೆಗೆ. ಅದನ್ನು ಸೇರುವ ಯಗಚಿ ಹೊಳೆಯೂ ಇದೆ. ಊರಿನ ಮೇಲೆ ಬೆರಳಿಟ್ಟರೆ ಅಲ್ಲಿನ ಹೊಳೆಯ ಫೋಟೊ ತೆರೆಯಬೇಕು. ಫೋಟೊಗಳೆಲ್ಲ ಮಕ್ಕಳೇ ತೆಗೆದದ್ದು.

ಮೇಜು 36 ಇಂಚು ಉದ್ದ, 27 ಇಂಚು ಅಗಲ. 8 ಮಿ.ಮೀ. ಗಾಜು, ಅದರ ಅಡಿಗೆ ಬಟರ್ ಪೇಪರ್ ಅಂಟಿಸಿದ್ದೇವೆ. ಪ್ರೊಜೆಕ್ಟರ್ ಬೆಳಕು ಕೆಳಗಿನ ಕನ್ನಡಿಗೆ ಬಡಿದು ಮೇಲೆ ಬರುತ್ತದೆ. ಒಳಗೆ 850 ನ್ಯಾನೊಮೀಟರ್ ಇನ್‌ಫ್ರಾರೆಡ್ ಎಲ್‌ಇಡಿ ಪಟ್ಟಿ. ಕಣ್ಣಿಗೆ ಕಾಣದ ಆ ಬೆಳಕು ಬೆರಳಿಗೆ ಬಡಿದು ಮರಳಿದ್ದನ್ನು ಕೆಳಗಿನಿಂದ ಕ್ಯಾಮೆರಾ ನೋಡಿ, ಮುಟ್ಟಿದ ಜಾಗದಲ್ಲಿ ಚುಕ್ಕಿ ಬೀಳುತ್ತದೆ. ಕ್ಯಾಮೆರಾ ಹಳೇ ಪಿಎಸ್3 ಐ, ಅಂದರೆ ಪ್ಲೇಸ್ಟೇಷನ್ ಗೇಮ್ ಯಂತ್ರದ ಕ್ಯಾಮೆರಾ. ಅದರೊಳಗಿನ ಇನ್‌ಫ್ರಾರೆಡ್ ತಡೆಯುವ ಚೂರು ತೆಗೆದು, ಕಣ್ಣಿಗೆ ಕಾಣುವ ಬೆಳಕು ತಡೆಯಲು ಮುಂದೆ ಕಲರ್ ನೆಗೆಟಿವ್ ಎರಡು ಪದರ ಇಟ್ಟಿದ್ದೇವೆ. ಪ್ರೋಗ್ರಾಂ ಅಕ್ಕನ ಮಗ ಓಪನ್‌ಸಿವಿ ಎಂಬ, ಚಿತ್ರಗಳನ್ನು ಲೆಕ್ಕ ಹಾಕುವ ಉಚಿತ ಸಾಫ್ಟ್‌ವೇರಿನಲ್ಲಿ ಬರೆದುಕೊಟ್ಟ. ನಾಲ್ಕು ಮೂಲೆ ಮುಟ್ಟಿ ತೋರಿಸಿದರೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾ ಕಂಡದ್ದನ್ನು ನಕ್ಷೆಗೆ ಹೊಂದಿಸುವುದು, ಮುಗಿಯಿತು.

ತೊಂದರೆ ಏನೆಂದರೆ, ಮೂಲೆಯ ಹತ್ತಿರದ ಗೊರೂರು ಸರಿಯಾಗಿ ಸಿಗುತ್ತದೆ. ನಡುವಿನ ಸಕಲೇಶಪುರವೂ ಸಿಗುತ್ತದೆ. ಬೇಲೂರು ಮುಟ್ಟಿದರೆ ಮಾತ್ರ ಚುಕ್ಕಿ ಎರಡು ಸೆಂ.ಮೀ. ಆಚೆ, ಅಂಚಿನ ಕಡೆಗೆ ಹೋಗಿ ಬೀಳುತ್ತದೆ. ಮೂಡಿಗೆರೆಯದೂ ಅದೇ ಕತೆ. ಹತ್ತು ಸಲ ಕ್ಯಾಲಿಬ್ರೇಟ್ ಮಾಡಿದೆ, ಹತ್ತು ಸಲವೂ ಅಷ್ಟೇ ತಪ್ಪು. ಇನ್ನೊಂದು: ಬೆಳಿಗ್ಗೆ ಹತ್ತರ ಮೇಲೆ ಯಾರೂ ಮುಟ್ಟದೆ ಚುಕ್ಕಿಗಳು ಏಳುತ್ತವೆ. ಕಿಟಕಿಗೆ ಕಪ್ಪು ಪರದೆ ಹಾಕಿದ್ದೇನೆ. ಬೇಲೂರು ಕಡೆಯಿಂದ ಬರುವ ಹುಡುಗಿ ಒಬ್ಬಳಿದ್ದಾಳೆ, ಅವಳ ಫೋಟೊ ಒಂದು ದಿನವೂ ಸರಿಯಾಗಿ ತೆರೆದಿಲ್ಲ. ದಯವಿಟ್ಟು ದಾರಿ ಹೇಳಿ.

ರೇಡಿಯೊ ರಿಪೇರಿ, ಹಾಸನ

ಮೇಡಂ, ಬಿಸಿಲಿನ ವಿಷಯ ಮಾತ್ರ ನಾನು ಹೇಳಬಲ್ಲೆ. ಆ ಪರದೆ ನಿಮ್ಮ ಕಣ್ಣಿಗೆ ಕಪ್ಪು, ಕ್ಯಾಮೆರಾಗೆ ಅಲ್ಲ. ಎಷ್ಟೋ ಕಪ್ಪು ಬಣ್ಣದ ಬಟ್ಟೆಗಳು ಇನ್‌ಫ್ರಾರೆಡ್ಡನ್ನು ಹಾಗೇ ಬಿಟ್ಟುಬಿಡುತ್ತವೆ. ಪರದೆಯನ್ನು ಅದೇ ಕ್ಯಾಮೆರಾ ಮುಂದೆ ಹಿಡಿದು ನೋಡಿ, ಬೆಳ್ಳಗೆ ಕಂಡರೆ ಆಶ್ಚರ್ಯಪಡಬೇಡಿ. ರಟ್ಟು ಹೊಡೆಯಿರಿ, ಇಲ್ಲವೇ ದಪ್ಪ ಟಾರ್ಪಾಲ್ ಕಟ್ಟಿ. ಕ್ಯಾಮೆರಾದ ಆಟೋ ಎಕ್ಸ್‌ಪೋಷರ್ ಆಫ್ ಮಾಡಿ, ಇಲ್ಲದಿದ್ದರೆ ಮೋಡ ಸರಿದಾಗಲೆಲ್ಲ ಅದು ತನ್ನಷ್ಟಕ್ಕೆ ಬದಲಾಗುತ್ತಿರುತ್ತದೆ. ನೆಗೆಟಿವ್ ಕಲರ್‌ದೇ ಹಾಕಿದ್ದು ಒಳ್ಳೆಯದಾಯಿತು. ಬ್ಲ್ಯಾಕ್ ಅಂಡ್ ವೈಟ್ ಆಗಿದ್ದರೆ ಅದರಲ್ಲಿನ ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತಿತ್ತು.

ಕಾಫಿಕಣ, ಚಿಕ್ಕಮಗಳೂರು

ಮೇಡಂ, ನೀವು ತಪ್ಪು ಎಲ್ಲೆಲ್ಲಿ ಇಲ್ಲ ಅಂತಲೂ ಬರೆದಿದ್ದೀರಿ. ಅದರಲ್ಲೇ ಉತ್ತರ ಇದೆ. ಮೂಲೆ ಸರಿ, ನಡು ಸರಿ, ನಡುವಿಗೂ ಅಂಚಿಗೂ ಮಧ್ಯೆ ಇರೋದೆಲ್ಲ ಹೊರಗೆ ತಳ್ಳಿದ ಹಾಗೆ. ಇದು ಲೆನ್ಸ್ ಬಾಗು. ನಾನು ನಾಟಕ, ಮದುವೆಗಳಿಗೆ ಲೈಟು, ಪ್ರೊಜೆಕ್ಟರ್ ಬಾಡಿಗೆ ಕೊಡುವವನು. ಒಂದು ಹೋಂಸ್ಟೇಗೆ ಇಂಥದೇ ಮೇಜು ಮಾಡುವಾಗ ಮೂರು ದಿನ ಇದರಲ್ಲೇ ಕಳೆದೆ.

ನಾಲ್ಕು ಮೂಲೆಯ ಲೆಕ್ಕಕ್ಕೆ ಒಂದೇ ಕೆಲಸ ಗೊತ್ತು: ಓರೆಯಾಗಿ ಕಂಡ ಚೌಕವನ್ನು ನೆಟ್ಟಗೆ ಮಾಡುವುದು. ಅದರ ಕಣ್ಣಿಗೆ ನೇರ ಗೆರೆ ಯಾವತ್ತೂ ನೇರ ಗೆರೆಯೇ. ಅಗಲ ಕೋನದ ಲೆನ್ಸ್ ಗೆರೆಯನ್ನೇ ಬಾಗಿಸುತ್ತದೆ. ಆಗ ಎಷ್ಟು ಸಲ ಮೂಲೆ ಮುಟ್ಟಿದರೂ ಅಷ್ಟೇ. ಬೇಕಾದರೆ ಬಿಳಿ ಬಳಿದ ಮರದ ರೀಪರ್ ಒಂದನ್ನು ಉದ್ದದ ಅಂಚಿಗೆ ಸೇರಿಸಿ ಗಾಜಿನ ಮೇಲಿಡಿ. ಕ್ಯಾಮೆರಾದ ಚಿತ್ರವನ್ನು ತಿದ್ದದೆ ಹಾಗೇ ನೋಡಿ. ರೀಪರ್ ಮಡಕೆ ಹೊಟ್ಟೆಯ ಹಾಗೆ ಹೊರಗೆ ಉಬ್ಬಿರುತ್ತದೆ. ನಾನು ಅದನ್ನು ನೋಡಿದ ಮೇಲೇ ಮೂಲೆ ಮುಟ್ಟುವುದನ್ನು ಬಿಟ್ಟದ್ದು.

ನಿಮ್ಮ ಕ್ಯಾಮೆರಾದ ಲೆನ್ಸ್ ಸುತ್ತ ಒಂದು ಬಳೆ ಇದೆ, ಕೆಂಪು ಚುಕ್ಕೆಗೆ 56 ಡಿಗ್ರಿ, ನೀಲಿಗೆ 75. ಮೇಜಿನ ಎತ್ತರ ಕಡಿಮೆ, ಹಾಗಾಗಿ ನೀಲಿಯಲ್ಲೇ ಇಟ್ಟಿರುತ್ತೀರಿ ಅನ್ನಿಸುತ್ತದೆ. ಕೆಂಪಿಗೆ ತಿರುಗಿಸಿದರೆ ಬಾಗು ಕಡಿಮೆ, ಆದರೆ ಕ್ಯಾಮೆರಾ ದೂರ ಹೋಗಬೇಕು. ಅದನ್ನೂ ಕನ್ನಡಿಗೆ ಮುಖ ಮಾಡಿ ಇಡಬಹುದು. ಜಾಗ ಇಲ್ಲದಿದ್ದರೆ ನೀಲಿಯೇ ಇರಲಿ, ಲೆಕ್ಕದಲ್ಲಿ ತಿದ್ದಬಹುದು.

ಓಪನ್‌ಸಿವಿಯಲ್ಲಿ ಚದುರಂಗದ ಮಣೆಯಂಥ ಚಿತ್ರ ಹಿಡಿದು ಲೆನ್ಸ್ ಅಳೆಯುವ ಸೌಲಭ್ಯ ಇದೆ. ಎ4 ಹಾಳೆಯಲ್ಲಿ ಚೌಕಗಳನ್ನು ಪ್ರಿಂಟ್ ಹಾಕಿಸಿ, ಚಪ್ಪಟೆ ಹಲಗೆಗೆ ಅಂಟಿಸಿ. ಪ್ರಿಂಟ್ ಮಾತ್ರ ಜೆರಾಕ್ಸ್ ಅಂಗಡಿಯ ಟೋನರ್ ಮೆಷಿನ್‌ನಲ್ಲೇ ಆಗಲಿ. ನಾನು ಮನೆಯ ಇಂಕ್‌ಜೆಟ್‌ನಲ್ಲಿ ತೆಗೆದಿದ್ದೆ. ಕ್ಯಾಮೆರಾ ಮುಂದೆ ಹಿಡಿದರೆ ಹಾಳೆ ಪೂರ್ತಿ ಬಿಳಿ, ಒಂದು ಚೌಕವೂ ಇಲ್ಲ! ಆ ಶಾಯಿ ಇನ್‌ಫ್ರಾರೆಡ್‌ಗೆ ಕಾಣುವುದೇ ಇಲ್ಲ, ಟೋನರಿನ ಇಂಗಾಲ ಕಾಣುತ್ತದೆ. ನೆಗೆಟಿವ್ ಫಿಲ್ಟರ್ ತೆಗೆಯದೆ, ಗಾಜಿನ ಕೆಳಗೆ, ಬಟರ್ ಪೇಪರ್ ಅಡ್ಡ ಬಾರದ ಹಾಗೆ ಹಿಡಿಯಿರಿ. ಬೇರೆ ಬೇರೆ ಓರೆಯಲ್ಲಿ, ಚಿತ್ರದ ನಾಲ್ಕು ಮೂಲೆಗೂ ಒಯ್ದು ಹದಿನೈದಿಪ್ಪತ್ತು ಫೋಟೊ ಸಾಕು. ಆಮೇಲೆ ಫೋಕಸ್ಸನ್ನಾಗಲಿ ಆ ಬಳೆಯನ್ನಾಗಲಿ ಮುಟ್ಟಬೇಡಿ, ಟೇಪ್ ಸುತ್ತಿಬಿಡಿ.

ಅಕ್ಕನ ಮಗನಿಗೆ ಇದನ್ನು ಹೇಳಿ: ಬೆರಳಿನ ಚುಕ್ಕಿಯನ್ನು ಮೊದಲು ಲೆನ್ಸ್ ಲೆಕ್ಕಕ್ಕೆ ತಿದ್ದಬೇಕು, ಆಮೇಲೆ ಮೂಲೆ ಲೆಕ್ಕ. ಮೂಲೆಗಳಿಗೆ ತೆಗೆದುಕೊಂಡ ನಾಲ್ಕು ಬಿಂದುಗಳನ್ನೂ ಹಾಗೇ ತಿದ್ದಿರಬೇಕು. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಈಗಿನದಕ್ಕಿಂತ ಕೆಡುತ್ತದೆ.

ಹೊಳೆದಂಡೆ ಟೀಚರ್, ಸಕಲೇಶಪುರ

ಸರ್, ರೀಪರ್ ಉಬ್ಬಿದ್ದನ್ನು ಮಕ್ಕಳಿಗೆಲ್ಲ ತೋರಿಸಿದೆ. ಇವತ್ತಿನ ಬೆಳಕಿನ ಪಾಠ ಅದೇ ಆಯಿತು. ಹದಿನೇಳು ಫೋಟೊ ಹಿಡಿದೆವು. ಈಗ ಬೇಲೂರು ಬೇಲೂರಿನಲ್ಲೇ ಇದೆ! ಆ ಹುಡುಗಿ ಐದು ಸಲ ಮುಟ್ಟಿ ನೋಡಿದಳು, ಐದು ಸಲವೂ ಅವಳ ಯಗಚಿ ತೆರೆಯಿತು. ಹಾಸನದ ಸರ್, ನಿಮ್ಮ ಮಾತೂ ನಿಜ. ನನ್ನ ಪರದೆ ಕ್ಯಾಮೆರಾದಲ್ಲಿ ಪಂಚೆಯಷ್ಟು ಬೆಳ್ಳಗೆ ಕಂಡಿತು. ರಟ್ಟು ಹೊಡೆದ ಮೇಲೆ ಹನ್ನೊಂದು ಗಂಟೆಗೂ ಒಂದು ಚುಕ್ಕಿ ಎದ್ದಿಲ್ಲ.

ಇನ್ನೂ ನಾಲ್ಕೈದು ಮಿ.ಮೀ. ತಪ್ಪು ಉಳಿದಿದೆ. ವಿಚಿತ್ರ ಅಂದರೆ, ಯಾವ ಕಡೆ ನಿಂತು ಮುಟ್ಟಿದರೆ ಆ ಕಡೆಗೆ ಜಾರುತ್ತದೆ. ಎದುರು ಬದುರು ನಿಂತ ಇಬ್ಬರು ಮಕ್ಕಳಿಗೆ ಎರಡು ಥರ.

ಕಾಫಿಕಣ, ಚಿಕ್ಕಮಗಳೂರು

ತುಂಬಾ ಖುಷಿಯಾಯಿತು ಮೇಡಂ. ಉಳಿದದ್ದು ಗಾಜಿನ ದಪ್ಪ. ಚಿತ್ರ ಇರೋದು ಗಾಜಿನ ಅಡಿಗೆ, ಬೆರಳು ಮೇಲೆ. 45 ಡಿಗ್ರಿ ಓರೆಯಿಂದ ನೋಡಿದರೆ 8 ಮಿ.ಮೀ. ಗಾಜಿನಲ್ಲಿ 4 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಸರಿದು ಕಾಣುತ್ತದೆ. ಮೂಲೆ ಮುಟ್ಟುವಾಗ ನೀವು ಬಗ್ಗಿ ನೇರ ಮೇಲಿನಿಂದ ನೋಡಿ ಮುಟ್ಟಿ, ಆಗ ತಪ್ಪು ಎಲ್ಲ ಕಡೆಗೂ ಸಮನಾಗುತ್ತದೆ. ಪೂರ್ತಿ ಹೋಗಬೇಕಾದರೆ ಬಟರ್ ಪೇಪರನ್ನು ಕಿತ್ತು, ಹಾಳೆಯನ್ನು ಗಾಜಿನ ಮೇಲ್ಗಡೆಗೆ ಹಾಕಿ. ಆದರೆ ಬಟರ್ ಪೇಪರ್ ಬೇಡ. ನಿಮ್ಮ ಸಕಲೇಶಪುರದ ಮಳೆಗಾಲದ ತೇವಕ್ಕೆ ಅದು ನೀರು ಕುಡಿದು ಹಪ್ಪಳದ ಹಾಗೆ ಅಲೆ ಏಳುತ್ತದೆ. ನಕ್ಷೆ ಬರೆಯುವವರು ಬಳಸುವ ಪಾಲಿಯೆಸ್ಟರ್ ಟ್ರೇಸಿಂಗ್ ಫಿಲ್ಮ್ ಕೇಳಿ ತನ್ನಿ. ಮಕ್ಕಳ ಕೈ ಎಣ್ಣೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಹಾಳೆ ಬದಲಾಯಿಸಿದ ಮೇಲೆ ನಾಲ್ಕು ಮೂಲೆ ಇನ್ನೊಂದು ಸಲ ಮುಟ್ಟಿ. ಚದುರಂಗದ ಫೋಟೊ ಮತ್ತೆ ಬೇಕಿಲ್ಲ.